ಬಾಡಿಗೆ, ಲೀಸ್, ಫ್ಲ್ಯಾಟ್, ಸೈಟು: ಹೊರಬರುವ ಬಾಗಿಲು ಎಲ್ಲಿದೆ?

ತಮ್ಮನ ಮಗಳು ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದಳು. "ಅತ್ತೆ, ನಮ್ಮ ಹತ್ತಿರ ಇಪ್ಪತ್ತಾರು ಲಕ್ಷ ಸೇರಿದೆ. ಇವರು ಫ್ಲ್ಯಾಟ್ ತೆಗೆದುಕೊಳ್ಳೋಣ ಎನ್ನುತ್ತಾರೆ. ಮಾವನವರಿಗೆ ಸೈಟೇ ಆಗಬೇಕು. ಈಗಿನ ಮನೆ ಮಾಲೀಕರು ಇದನ್ನೇ ಲೀಸ್‌ಗೆ ಹಾಕಿಕೊಳ್ಳಿ ಎನ್ನುತ್ತಿದ್ದಾರೆ. ನನಗೆ ಮಾತ್ರ ಇನ್ನೂ ಸ್ವಲ್ಪ ದಿನ ಬಾಡಿಗೆಯಲ್ಲೇ ಇರೋಣ ಅನ್ನಿಸುತ್ತದೆ. ನೀವು ಬ್ಯಾಂಕಿನಲ್ಲಿ ಇದ್ದವರು, ಹೇಳಿ."

ಗೃಹಸಾಲದ ವಿಭಾಗದಲ್ಲಿ ಹನ್ನೊಂದು ವರ್ಷ ಕುಳಿತವಳು ನಾನು. ನಿವೃತ್ತಿಯಾದ ಮೇಲೆ ನೆಂಟರಿಷ್ಟರು ಕ್ರಯಪತ್ರದ ಜೆರಾಕ್ಸ್ ಹಿಡಿದು ಬರುತ್ತಾರೆ, ಕಾಫಿ ಕುಡಿಯುತ್ತಾರೆ, ನಾನು ಹೇಳಿದ್ದನ್ನು ಕೇಳಿ ತಲೆಯಾಡಿಸಿ, ಮೊದಲೇ ನಿರ್ಧರಿಸಿದ್ದನ್ನು ಮಾಡುತ್ತಾರೆ. ಆದರೂ ಹೇಳುವುದನ್ನು ಬಿಟ್ಟಿಲ್ಲ.

ಮನೆಯ ವಿಷಯದಲ್ಲಿ ಎಲ್ಲರೂ ಹೋಲಿಸಿ ನೋಡುವುದು ಒಳಗೆ ಹೋಗಲು ಎಷ್ಟು ಬೇಕು ಎಂಬುದನ್ನು. ಅಡ್ವಾನ್ಸ್ ಎಷ್ಟು, ಚದರಡಿಗೆ ಎಷ್ಟು, ತಿಂಗಳ ಕಂತು ಎಷ್ಟು. ಅದು ಬೇಕಾದ ಲೆಕ್ಕವೇ. ಆದರೆ ಹನ್ನೊಂದು ವರ್ಷದಲ್ಲಿ ನನ್ನ ಮೇಜಿನೆದುರು ಕಣ್ಣೀರು ಹಾಕಿದವರಲ್ಲಿ ಹೆಚ್ಚಿನವರು ದುಬಾರಿ ಕೊಟ್ಟವರಲ್ಲ, ಹೊರಬರಲಾಗದೆ ಸಿಕ್ಕಿಕೊಂಡವರು. ಆದ್ದರಿಂದ ನಾನು ಕೇಳುವ ಪ್ರಶ್ನೆ ಬೇರೆ: ನಾಳೆ ಕೆಲಸ ಹೋದರೆ, ಊರು ಬದಲಾದರೆ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಈ ಹಣ ಎಷ್ಟು ದಿನದಲ್ಲಿ, ಯಾರ ಕೈಯಿಂದ, ಎಷ್ಟು ಕಳೆದುಕೊಂಡು ವಾಪಸ್ಸು ಬರುತ್ತದೆ? ನಾಲ್ಕೂ ದಾರಿಗಳನ್ನು ಈ ಒಂದು ಪ್ರಶ್ನೆಯಿಂದ ಅಳೆದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಬೆಂಗಳೂರಿನ ಲೆಕ್ಕವನ್ನೇ ಹೇಳುತ್ತೇನೆ. ನನಗೆ ಗೊತ್ತಿರುವುದು ಅದು.

ಬಾಡಿಗೆ: ಎರಡು ತಿಂಗಳ ನೋಟಿಸು, ಒಂದು ಜಗಳ

ಹೊರಬರಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಒಂದು ಅಥವಾ ಎರಡು ತಿಂಗಳ ಮುಂಚೆ ತಿಳಿಸಿ, ಸಾಮಾನು ಕಟ್ಟಿ, ಹೊರಡಬಹುದು. ಇರುವ ತೊಡಕು ಅಡ್ವಾನ್ಸ್‌ದು. ಬೆಂಗಳೂರಿಗೆ ಅಂಟಿದ ಹತ್ತು ತಿಂಗಳ ಅಡ್ವಾನ್ಸ್ ಎಂಬ ಹಳೆಯ ರೂಢಿ ಈಗ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ, ಹಳೆಯ ಬಡಾವಣೆಗಳಲ್ಲಿ ಇನ್ನೂ ಹತ್ತನ್ನೇ ಕೇಳುವವರಿದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುತ್ತದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಅಳವಡಿಸಿಕೊಂಡರಷ್ಟೇ ಜೀವ.

ಕರಾರು ಹನ್ನೊಂದೇ ತಿಂಗಳಿಗೆ ಏಕೆ ಎಂದು ಬಹಳ ಮಂದಿ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಅಷ್ಟೇ.

ಬಾಡಿಗೆ ಮನೆಯಿಂದ ಹೊರಬರುವಾಗ ಜಗಳ ಶುರುವಾಗುವುದು ಗೋಡೆಯ ಬಣ್ಣದಿಂದ. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಕೆಲವರು ಅದರ ಮೇಲೆ ಕಮೋಡ್ ಸ್ವಚ್ಛತೆ, ಸ್ವಿಚ್ಚು, ಬಾಗಿಲಿನ ಚಿಲಕ ಎಂದು ಸೇರಿಸುತ್ತ ಹೋಗುತ್ತಾರೆ. ಒಳಗೆ ಹೋಗುವ ದಿನವೇ ಪ್ರತಿ ಕೋಣೆಯ ವಿಡಿಯೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ಸಂಶಯದಿಂದಲ್ಲ, ಸೌಹಾರ್ದದಿಂದಲೇ, "ಮನೆ ಚೆನ್ನಾಗಿದೆ ಸರ್, ನೆನಪಿಗಿರಲಿ" ಎಂದು ಬರೆದು. ಕರಾರಿನಲ್ಲಿ ಮೂರು ಸಾಲು ಮಾತ್ರ ಗಟ್ಟಿಯಾಗಿ ಕೇಳಿ: ಬಣ್ಣಕ್ಕೆ ಕಳೆಯುವ ಮೊತ್ತ ಇಷ್ಟೇ ಎಂದು, ವರ್ಷಕ್ಕೆ ಏರಿಕೆ ನೂರಕ್ಕೆ ಇಷ್ಟೇ ಎಂದು, ಅಡ್ವಾನ್ಸ್ ಬೀಗದ ಕೈ ಕೊಟ್ಟ ದಿನವೇ ವಾಪಸ್ಸು ಎಂದು. ಉಳಿದ ಎರಡು ಪುಟವನ್ನು ಯಾರೂ ಓದುವುದಿಲ್ಲ, ಟೈಪ್ ಮಾಡಿದವನೂ ಸೇರಿ.

"ಬಾಡಿಗೆ ಕೊಡುವುದು ನೀರಿಗೆ ಹಾಕಿದ ಹಾಗೆ" ಎಂಬ ಮಾತಿದೆಯಲ್ಲ, ಅದನ್ನು ಒಮ್ಮೆ ಕಾಗದದ ಮೇಲೆ ಇಟ್ಟು ನೋಡೋಣ. ಹುಡುಗಿಗೂ ಇದನ್ನೇ ಬರೆದು ಕಳಿಸಿದೆ.

ಅವರು ನೋಡಿದ ಫ್ಲ್ಯಾಟ್ 80 ಲಕ್ಷ. ಅಂಥದ್ದೇ ಮನೆಗೆ ಅದೇ ಕಟ್ಟಡದಲ್ಲಿ ಬಾಡಿಗೆ 26,000. ಸಾಲ 60 ಲಕ್ಷ, ಬಡ್ಡಿ ನೂರಕ್ಕೆ ಎಂಟೂವರೆ, ಇಪ್ಪತ್ತು ವರ್ಷ ಎಂದುಕೊಂಡರೆ ಕಂತು ಸುಮಾರು 52,070. ಮೊದಲ ಕಂತಿನಲ್ಲಿ 42,500 ಬರೀ ಬಡ್ಡಿಗೆ ಹೋಗುತ್ತದೆ. ಅಸಲಿಗೆ ಸಲ್ಲುವುದು ಒಂಬತ್ತೂವರೆ ಸಾವಿರ. ಮನೆಗೆ ಇಪ್ಪತ್ತು, ನೋಂದಣಿ ಖರ್ಚಿಗೆ ಆರು ಎಂದು ಕೈಯಿಂದ ಹಾಕುವ 26 ಲಕ್ಷವನ್ನು ಠೇವಣಿಯಲ್ಲಿಟ್ಟಿದ್ದರೆ, ನೂರಕ್ಕೆ ಏಳರಂತೆ, ತಿಂಗಳಿಗೆ ಹದಿನೈದು ಸಾವಿರ ಬರುತ್ತಿತ್ತು. ಅಲ್ಲಿಗೆ ಸ್ವಂತ ಮನೆಯಲ್ಲಿ ಮೊದಲ ವರ್ಷ ತಿಂಗಳಿಗೆ ನೀರಿಗೆ ಬೀಳುವುದು ಸುಮಾರು 57,500, ಬಾಡಿಗೆಯಲ್ಲಿ ಬೀಳುವುದು 26,000. ನಿರ್ವಹಣಾ ಶುಲ್ಕ ಇಬ್ಬರಿಗೂ ಒಂದೇ ಎಂದು ಬಿಟ್ಟಿದ್ದೇನೆ. ವ್ಯತ್ಯಾಸ ವರ್ಷಕ್ಕೆ ಮೂರು ಮುಕ್ಕಾಲು ಲಕ್ಷ ದಾಟುತ್ತದೆ. ಮನೆ ಕಂದಾಯ, ರಿಪೇರಿ ಸೇರಿಸಿದರೆ ನಾಲ್ಕು ಲಕ್ಷ. ಅಂದರೆ ಆ ಫ್ಲ್ಯಾಟಿನ ಬೆಲೆ ವರ್ಷ ವರ್ಷವೂ ನೂರಕ್ಕೆ ಐದರಷ್ಟು ಏರಿದರೆ ಎರಡೂ ಸಮ. ಏರುತ್ತದೆಯೇ? ಮೆಟ್ರೊ ಹತ್ತಿರದ, ಕಾವೇರಿ ನೀರಿರುವ ಕಡೆ ಏರಬಹುದು. ಹತ್ತು ವರ್ಷ ಹಳೆಯದಾದ, ಟ್ಯಾಂಕರ್ ನಂಬಿದ ಕಟ್ಟಡದಲ್ಲಿ ನನಗೆ ಅಷ್ಟು ಭರವಸೆಯಿಲ್ಲ.

ಬಾಡಿಗೆಯೂ ವರ್ಷ ವರ್ಷ ಏರುತ್ತದೆ, ಸಾಲದ ಬಡ್ಡಿ ಭಾಗ ಇಳಿಯುತ್ತದೆ. ಹಾಗಾಗಿ ಎಂಟು ಹತ್ತು ವರ್ಷ ಅಲ್ಲೇ ಇರುವವರಿಗೆ ಲೆಕ್ಕ ನಿಧಾನವಾಗಿ ಕೊಳ್ಳುವ ಕಡೆಗೆ ವಾಲುತ್ತದೆ. ನಾಲ್ಕು ವರ್ಷದೊಳಗೆ ಊರು ಬಿಡುವ ಸಾಧ್ಯತೆ ಇದ್ದವರು ಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ವಂತ ಮನೆಯ ನೆಮ್ಮದಿಗೆ ಬೆಲೆ ಕಟ್ಟಲಾಗದು ಎನ್ನುವವರೊಡನೆ ನಾನು ವಾದಿಸುವುದಿಲ್ಲ. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲ ಎಂಬ ಸುಖ ನನಗೂ ಗೊತ್ತು. ಅದಕ್ಕೆ ತಿಂಗಳಿಗೆ ಮೂವತ್ತು ಸಾವಿರ ಕೊಡುತ್ತಿದ್ದೇವೆ ಎಂಬುದೂ ಗೊತ್ತಿರಲಿ.

ಲೀಸ್: ಹಿಂದಿನವರ ಹಣ, ಮುಂದಿನವರ ಜೇಬು

ಬೆಂಗಳೂರಿನಲ್ಲಿ ಲೀಸ್ ಎಂದರೆ ಹಳ್ಳಿಯಲ್ಲಿ ನಮ್ಮ ಹಿರಿಯರು ಭೋಗ್ಯ ಎನ್ನುತ್ತಿದ್ದ ವ್ಯವಹಾರವೇ. ಹದಿನೈದು ಲಕ್ಷ ಒಟ್ಟಿಗೆ ಕೊಡಿ, ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಹೋಗುವಾಗ ಹದಿನೈದನ್ನೂ ತೆಗೆದುಕೊಂಡು ಹೋಗಿ. ಕೇಳಲು ಇದರಷ್ಟು ಇಂಪಾದದ್ದು ಇಲ್ಲ. ಲೆಕ್ಕವೂ ನಿಮ್ಮ ಪರವೇ: ಅದೇ ನೂರಕ್ಕೆ ಏಳರಂತೆ ಹದಿನೈದು ಲಕ್ಷಕ್ಕೆ ಬ್ಯಾಂಕು ಕೊಡುವ ಬಡ್ಡಿ ತಿಂಗಳಿಗೆ 8,750, ಇಪ್ಪತ್ತು ಸಾವಿರ ಬಾಡಿಗೆಯ ಮನೆ ಅಷ್ಟಕ್ಕೆ ಸಿಕ್ಕಂತಾಯಿತು.

ಹಾಗಾದರೆ ಮಾಲೀಕ ಏಕೆ ಒಪ್ಪುತ್ತಾನೆ? ತಿಂಗಳಿಗೆ ಇಪ್ಪತ್ತು ಸಾವಿರ ಬಿಟ್ಟುಕೊಟ್ಟು ಒಂದೇ ಗಂಟು ಬೇಡುವವನಿಗೆ ಆ ಗಂಟು ತುರ್ತಾಗಿ ಬೇಕಾಗಿದೆ. ಕೈಸಾಲ ತೀರಿಸಲಿಕ್ಕೋ, ಮಗಳ ಮದುವೆಗೋ, ಮೇಲೆ ಇನ್ನೊಂದು ಮಹಡಿ ಎಬ್ಬಿಸಲಿಕ್ಕೋ. ಬ್ಯಾಂಕು ಅವನಿಗೆ ಕೊಡದ ಸಾಲವನ್ನು ನೀವು ಕೊಡುತ್ತಿದ್ದೀರಿ. ಮೂರು ವರ್ಷವಾದ ಮೇಲೆ ಆ ಹಣ ಅವನ ಬಳಿ ಇರುವುದಿಲ್ಲ. ಗೋಡೆಯಾಗಿಯೋ ಚಿನ್ನವಾಗಿಯೋ ಕರಗಿರುತ್ತದೆ. ನಿಮಗೆ ಕೊಡಬೇಕಾದರೆ ಮುಂದಿನ ಲೀಸ್‌ದಾರ ಬರಬೇಕು.

ಇದು ನಾನು ಓದಿ ತಿಳಿದದ್ದಲ್ಲ. ಮದುವೆಯಾದ ಹೊಸತರಲ್ಲಿ ವಿಜಯನಗರದ ಒಂದು ಮೊದಲ ಮಹಡಿಯ ಮನೆಯಲ್ಲಿ ಎರಡು ಲಕ್ಷಕ್ಕೆ ಲೀಸ್‌ಗೆ ಇದ್ದೆವು. ಅವಧಿ ಮುಗಿದಾಗ ಮಾಲೀಕರು ಬಹಳ ವಿನಯದಿಂದ, "ಹೊಸಬರು ಸಿಕ್ಕ ತಕ್ಷಣ ಕೊಡುತ್ತೇನಮ್ಮ" ಎಂದರು. ಹೊಸಬರು ಸಿಗಲು ಏಳು ತಿಂಗಳು ಬೇಕಾಯಿತು. ಪ್ರತಿ ಭಾನುವಾರ ಮನೆ ನೋಡಲು ಯಾರಾದರೂ ಬರುತ್ತಿದ್ದರು. ನಮ್ಮ ಹಣ ನಮಗೆ ಬರಬೇಕಾದರೆ ಅವರಿಗೆ ಮನೆ ಹಿಡಿಸಬೇಕು. ಆದ್ದರಿಂದ ನಾವೇ ಮನೆ ತೋರಿಸುತ್ತಿದ್ದೆವು. ಶನಿವಾರ ರಾತ್ರಿ ಅಡುಗೆಮನೆಯ ಕಟ್ಟೆ ಉಜ್ಜುತ್ತಿದ್ದೆ. ಹಿಂದಿನ ಕೋಣೆಯ ಗೋಡೆಯಲ್ಲಿ ಸಂಪಿನ ಪೈಪಿನಿಂದ ಒಂದು ಮೊಳ ಅಗಲ ತೇವ ಏರಿತ್ತು. ಅದರ ಮೇಲೆ ಸಹಕಾರ ಸಂಘದವರು ಕೊಟ್ಟ ದೊಡ್ಡ ಕ್ಯಾಲೆಂಡರು ತೂಗುಹಾಕಿದೆ. ಕೊನೆಗೆ ಒಪ್ಪಿದ ದಂಪತಿಗೆ ಎರಡು ವರ್ಷದ ಮಗುವಿತ್ತು. ಅವರು ಆ ಕೋಣೆಯಲ್ಲಿ ನಿಂತು ತೊಟ್ಟಿಲು ಎಲ್ಲಿಡುವುದು ಎಂದು ಮಾತಾಡಿಕೊಂಡರು. ನಾನು ಬಾಯಿ ಬಿಡಲಿಲ್ಲ. ಈ ವ್ಯವಹಾರದಲ್ಲಿ ಹೊರಬರುವ ಬಾಗಿಲು ತೆರೆಯುವುದೇ ಇನ್ನೊಬ್ಬರನ್ನು ಒಳಗೆ ತಳ್ಳಿದಾಗ ಎಂಬುದು ಅಂದು ಗೊತ್ತಾಯಿತು. ಆಮೇಲೆ ಎಂದೂ ಲೀಸ್‌ಗೆ ಹೋಗಲಿಲ್ಲ.

ನಮಗೆ ಹಣವಾದರೂ ಬಂತು. ಬ್ಯಾಂಕಿನ ಮೇಜಿನ ಆಚೆಯಿಂದ ನೋಡಿದ್ದು ಇನ್ನೂ ಕೆಟ್ಟದ್ದು. ಮನೆಯ ಮೇಲೆ ಮಾಲೀಕ ಮೊದಲೇ ಸಾಲ ಮಾಡಿರುತ್ತಾನೆ, ಕಂತು ಕಟ್ಟುವುದಿಲ್ಲ, ಬಾಕಿ ಸಾಲಕ್ಕೆ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಗೇಟಿಗೆ ನೋಟಿಸು ಅಂಟಿಸುತ್ತದೆ. ಕೆಳಗಿನ ಮನೆ, ಮೇಲಿನ ಮನೆ, ಮೂಲೆಮನೆ ಎಂದು ಲೀಸ್‌ಗೆ ಇದ್ದ ನಾಲ್ಕು ಸಂಸಾರ ಆ ಕಾಗದದ ಮುಂದೆ ನಿಂತಿರುತ್ತದೆ. ಅವರ ಕೈಯಲ್ಲಿ ಇರುವುದು ಇನ್ನೂರು ರೂಪಾಯಿಯ ಸ್ಟಾಂಪ್ ಕಾಗದ. ಸಾಲಿನಲ್ಲಿ ಬ್ಯಾಂಕು ಮೊದಲು, ಅವರು ಹಿಂದೆ.

ಕಾನೂನಿನಲ್ಲಿ ಗಟ್ಟಿಯಾದ ರೂಪ ಇಲ್ಲದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಸ್ವಾಧೀನ ಸಹಿತವಾದ ಭೋಗ್ಯ ಅಡಮಾನ ಎಂಬುದೇ ಇದೆ. ಅದನ್ನು ನೋಂದಾಯಿಸಿದರೆ ನಿಮ್ಮ ಹಕ್ಕು ಇಸಿಯಲ್ಲಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಕಾಣುತ್ತದೆ, ನಿಮ್ಮನ್ನು ಬಿಟ್ಟು ಆ ಮನೆ ಸುಲಭವಾಗಿ ಕೈಬದಲಾಗದು. ಆದರೆ ನೋಂದಣಿ ಎಂದೊಡನೆ ಮಾಲೀಕರ ಮುಖ ಬದಲಾಗುತ್ತದೆ, ಖರ್ಚು ಎನ್ನುತ್ತಾರೆ. ಆ ಖರ್ಚನ್ನು ನಾನೇ ಕೊಡುತ್ತೇನೆ ಎಂದು ಹೇಳಿ ನೋಡಿ. ಆಗಲೂ ಬೇಡವೆಂದರೆ ನಮಸ್ಕಾರ ಹಾಕಿ ಬನ್ನಿ.

ಇನ್ನೊಂದು ಬಗೆ ಈಚೆಗೆ ಬಂದಿದೆ. ನಡುವೆ ಒಂದು ಕಂಪನಿ ನಿಂತು, ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು ನಿಮಗೆ ಲೀಸ್‌ಗೆ ಕೊಡುತ್ತದೆ. ನಿಮ್ಮ ಗಂಟು ಕಂಪನಿಯ ಬಳಿ, ಮನೆ ಮಾಲೀಕರ ಬಳಿ. ಕಂಪನಿ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ ದಿನ ಮಾಲೀಕರು ಬಾಗಿಲು ತಟ್ಟುತ್ತಾರೆ, ನ್ಯಾಯ ಅವರ ಕಡೆಯೂ ಇರುತ್ತದೆ. ಇದರ ಬಗ್ಗೆ ಎರಡು ಮಾತಿಲ್ಲ: ಬೇಡ.

ಫ್ಲ್ಯಾಟು

80 ಲಕ್ಷದ ಫ್ಲ್ಯಾಟು 80 ಲಕ್ಷಕ್ಕೆ ಬರುವುದಿಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರ, ಅಧಿಕ ಶುಲ್ಕ ಸೇರಿ 5.6. ನೋಂದಣಿ ಶುಲ್ಕ ಮೊದಲು 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6, ಆರು ಲಕ್ಷದ ಎಂಟು ಸಾವಿರ. ಈ ಹಣ ಹೊರಬರುವಾಗ ಸಿಗುವುದಿಲ್ಲ. ಸರ್ಕಾರದ ಮಾರ್ಗಸೂಚಿ ದರ ನೀವು ಕೊಟ್ಟ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಆ ದರದ ಮೇಲೆ. ಕಟ್ಟುತ್ತಿರುವ ಕಟ್ಟಡವಾದರೆ ಇನ್ನೂ ನೂರಕ್ಕೆ 5 ಜಿಎಸ್‌ಟಿ. ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಎಲ್ಲರೂ ಓಸಿ ಎನ್ನುವ ಕಾಗದ ಬಂದ ಮೇಲೆ ಕೊಂಡರೆ ಅದಿಲ್ಲ. 45 ಲಕ್ಷದೊಳಗಿನ ಸಣ್ಣ ಮನೆಗಳಿಗೆ ಜಿಎಸ್‌ಟಿ 1 ಮಾತ್ರ, ಆದರೆ ಬೆಂಗಳೂರಿನಲ್ಲಿ ಅಂಥದ್ದನ್ನು ಹುಡುಕಲು ಆನೇಕಲ್ ದಾಟಬೇಕಾದೀತು.

ಬ್ಯಾಂಕು ಪೂರ್ತಿ ಕೊಡುವುದೂ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ 30 ಲಕ್ಷದವರೆಗಿದ್ದರೆ ಮನೆ ಬೆಲೆಯ ನೂರಕ್ಕೆ 90, 75 ಲಕ್ಷದವರೆಗೆ 80, ಅದಕ್ಕೂ ಮೇಲೆ 75. ಮುದ್ರಾಂಕದ ಹಣ ಈ ಲೆಕ್ಕದಲ್ಲಿ ಸೇರದು. ನಮ್ಮ ಹುಡುಗಿಯ 26 ಲಕ್ಷ ಇಲ್ಲಿಗೇ ಚುಕ್ತಾ: ಇಪ್ಪತ್ತು ಕೈಯಿಂದ, ಆರು ನೋಂದಣಿಗೆ. ಕಪಾಟು, ಅಡುಗೆಮನೆಯ ಕೆಲಸ, ಗೃಹಪ್ರವೇಶದ ಹೋಳಿಗೆ ಎಲ್ಲಿಂದ? ಕ್ರೆಡಿಟ್ ಕಾರ್ಡಿನಿಂದ ಎಂದು ಅಳಿಯ ತಮಾಷೆ ಮಾಡಿದ. ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ಹೊರಬರುವ ದೃಷ್ಟಿಯಿಂದ ಫ್ಲ್ಯಾಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಓಸಿ. ಅನುಮೋದಿತ ನಕ್ಷೆಯಂತೆ ಕಟ್ಟಿದ್ದಾರೆ ಎಂದು ಪಾಲಿಕೆ ಒಪ್ಪಿದ ಗುರುತು ಅದು. ಅದಿಲ್ಲದ ಮನೆಯನ್ನು ಮುಂದೆ ಮಾರಲು ಹೋದರೆ, ಬ್ಯಾಂಕ್ ಸಾಲ ಬೇಕಾದ ಕೊಳ್ಳುವವನು ಹಿಂದೆ ಸರಿಯುತ್ತಾನೆ. ಉಳಿಯುವವನು ಚೌಕಾಸಿ ಮಾಡುತ್ತಾನೆ. ಬೆಂಗಳೂರಿನಲ್ಲಿ ಎಷ್ಟೋ ಕಟ್ಟಡಗಳು ಓಸಿ ಇಲ್ಲದೆಯೇ ತುಂಬಿವೆ, ನಿಜ. ತುಂಬಿವೆ ಎಂಬುದು ಒಳಗೆ ಹೋಗುವವರ ಮಾತು.

ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಕೊಳ್ಳುವವರಿಗೆ ನಿಜವಾಗಿಯೂ ಒಂದು ಕೋಲು ಕೊಟ್ಟಿದೆ. ಗ್ರಾಹಕರಿಂದ ಬಂದ ಹಣದ ನೂರಕ್ಕೆ 70 ಭಾಗ ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಹತ್ತನೇ ಒಂದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಆದರೆ ಜಾಗ 500 ಚದರ ಮೀಟರಿಗಿಂತ ಕಡಿಮೆ ಇದ್ದರೆ, ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಕಡ್ಡಾಯವಲ್ಲ. ನಮ್ಮ ಬಡಾವಣೆಗಳಲ್ಲಿ 40x60 ಸೈಟಿನಲ್ಲಿ, ಅಂದರೆ 223 ಚದರ ಮೀಟರಿನಲ್ಲಿ, ಏಳುವ ಸಣ್ಣ ಅಪಾರ್ಟ್‌ಮೆಂಟುಗಳು ಈ ಕೋಲಿನ ಅಳತೆಗೆ ಸಿಗುವುದಿಲ್ಲ. ಅಲ್ಲಿ ಬಿಲ್ಡರ್ ಒಳ್ಳೆಯವನೆಂಬುದೊಂದೇ ಭರವಸೆ.

ಬೆಲೆ ಹೋಲಿಸುವಾಗ ಸೂಪರ್ ಬಿಲ್ಟಪ್ ಎಂಬ ಪದವನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದರಲ್ಲಿ ಲಿಫ್ಟು, ಮೆಟ್ಟಿಲು, ಕಾವಲುಗಾರನ ಕೋಣೆ ಎಲ್ಲ ಹಂಚಿಕೆಯಾಗಿರುತ್ತವೆ. ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗದ, ಅಂದರೆ ಕಾರ್ಪೆಟ್ ಅಳತೆ ಕೇಳಿ, ಬೆಲೆಯನ್ನು ಅದರಿಂದ ಭಾಗಿಸಿ. ನೆಲದಲ್ಲಿ ನಿಮ್ಮ ಅವಿಭಾಜ್ಯ ಪಾಲು ಎಷ್ಟು ಚದರಡಿ ಎಂಬುದನ್ನೂ ಕ್ರಯಪತ್ರದಲ್ಲಿ ನೋಡಿ. ಕಟ್ಟಡ ಹಳೆಯದಾಗುತ್ತದೆ, ಮೂವತ್ತು ವರ್ಷದ ಮೇಲೆ ಬೆಲೆ ಬಾಳುವುದು ಆ ತುಂಡು ನೆಲ. ಎತ್ತರದ ಗೋಪುರಗಳಲ್ಲಿ ಅದು ಒಂದು ಕೋಣೆಯಷ್ಟೂ ಇರುವುದಿಲ್ಲ.

ನೀರಿನ ವಿಚಾರ ಮಾರಾಟದವರನ್ನು ಕೇಳಬೇಡಿ, ಗೇಟಿನ ಕಾವಲುಗಾರನನ್ನು ಕೇಳಿ, ಅದೂ ಏಪ್ರಿಲಿನಲ್ಲಿ. 2024ರ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತಿತ್ತು ಎಂದು ಕೇಳಿದರೆ ಸಾಕು, ಅವನು ಲೋಡುಗಳ ಲೆಕ್ಕವನ್ನೇ ಹೇಳುತ್ತಾನೆ. ಕಾವೇರಿ ಐದನೇ ಹಂತ ಅದೇ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ಹೊರವಲಯದ 110 ಹಳ್ಳಿಗಳಿಗೆ ನೀರು ಎಂದಾಯಿತು. ಸಂಪರ್ಕ ಪಡೆದಿದ್ದಾರೆಯೇ, ಇಲ್ಲವೇ ಎಂಬುದಕ್ಕೆ ಬಿಲ್ಲು ತೋರಿಸಲಿ.

ಸೈಟು: ನೆಲಕ್ಕಿಂತ ಕಾಗದ ನೋಡಿ

ಮಾವನವರ ವಾದ ಸರಳ: "ಫ್ಲ್ಯಾಟಿನಲ್ಲಿ ಏನಿದೆ, ಗಾಳಿ. ಸೈಟು ನೆಲ." ಅವರ ತಲೆಮಾರಿಗೆ ಅದು ನಿಜವಾಗಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹಂಚಿದ 30x40ರಲ್ಲಿ ಮನೆ ಕಟ್ಟಿ ಮಕ್ಕಳನ್ನು ಓದಿಸಿದವರು ಅವರು. ಇವತ್ತು 26 ಲಕ್ಷಕ್ಕೆ ಸಿಗುವ ಸೈಟು ಅಂಥದ್ದಲ್ಲ.

ಅವರು ನೋಡಿಬಂದ ಜಾಗಕ್ಕೆ ನಾನೂ ಹೋಗಿದ್ದೆ, ನೆಲಮಂಗಲದ ಆಚೆ. ಕಾಗದದ ನಕ್ಷೆಯಲ್ಲಿ ಹಸಿರು ಬಣ್ಣದ ಉದ್ಯಾನ, ಮೂವತ್ತಡಿ ರಸ್ತೆ, ಮೂಲೆಯಲ್ಲಿ ದೇವಸ್ಥಾನ. ನೆಲದ ಮೇಲೆ ಕೊಯ್ದ ರಾಗಿ ಹೊಲದ ಕೂಳೆ, ನಡುನಡುವೆ ಹಳದಿ ಬಣ್ಣ ಬಳಿದ ಗೂಟಗಲ್ಲು. ಬ್ರೋಕರ್ ಒಂದು ಕಲ್ಲಿನ ಮೇಲೆ ಕಾಲಿಟ್ಟು "ಇದೇ ಮೇಡಂ, ಪೂರ್ವ ದಿಕ್ಕು" ಎಂದ. ಮೊಬೈಲಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದೆ. ನಾವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಬ್ರೋಕರ್ ಕೊಟ್ಟ ಕಾಗದದಲ್ಲಿದ್ದ ನಂಬರಿಗೂ ಅದಕ್ಕೂ ಹೊಂದಲಿಲ್ಲ. ನಲವತ್ತು ಹೆಜ್ಜೆ ಬಡಗಣಕ್ಕೆ ಹೋದರೆ ಹೊಂದಿತು. ಅಲ್ಲಿ ಒಂದು ಹಳ್ಳದ ಗೆರೆ ಹಾದುಹೋಗಿತ್ತು. ಮಾವನವರು ಮೌನವಾಗಿ ಕಾರು ಹತ್ತಿದರು.

ಸೈಟಿನಲ್ಲಿ ನೋಡಬೇಕಾದ್ದು ಬಹಳ. ಎಲ್ಲವನ್ನೂ ಹೇಳಿದರೆ ಪುಸ್ತಕವಾಗುತ್ತದೆ, ವಕೀಲರಿಗೆ ಕೊಡುವ ಹತ್ತಿಪ್ಪತ್ತು ಸಾವಿರ ಉಳಿಸಲು ಹೋಗಬೇಡಿ. ಆದರೆ ವಕೀಲರ ಹತ್ತಿರ ಹೋಗುವ ಮುನ್ನವೇ ನೀವು ಕೇಳಬಹುದಾದದ್ದು ಕೆಲವಿದೆ.

ಕೃಷಿ ಜಮೀನಾಗಿದ್ದದ್ದು ವಾಸಕ್ಕೆ ಪರಿವರ್ತನೆಯಾಗಿದೆಯೇ? ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ, ಇವೆರಡೂ ಇಲ್ಲದ್ದು ರೆವಿನ್ಯೂ ಸೈಟು. ಹಳ್ಳಿಯ ಸೈಟಿಗೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. 11-ಬಿ ಎಂದಿದ್ದರೆ ಅನುಮೋದನೆ ಸರಿಯಿಲ್ಲ ಎಂದರ್ಥ, ಅಲ್ಲೇ ನಿಂತು ಯೋಚಿಸಿ. ನಗರದೊಳಗೆ ಇದೇ ಜಾತಿಯ ಭೇದ ಎ ಖಾತಾ, ಬಿ ಖಾತಾ: ಎ ಕ್ರಮಬದ್ಧ ಆಸ್ತಿಗೆ, ಬಿ ಹಾಗಲ್ಲದ್ದಕ್ಕೆ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿಯಾಗದು. ಬಿ ಖಾತಾವನ್ನು ಎ ಖಾತಾಕ್ಕೆ ಬದಲಿಸಿಕೊಳ್ಳುವ ಅವಕಾಶವನ್ನು ಸರ್ಕಾರ 2025ರಲ್ಲಿ ಕೊಟ್ಟಿದೆ, ಶುಲ್ಕ ಕಟ್ಟಿಸಿಕೊಂಡು. ಮಾರುವವರು "ಈಗ ಎಲ್ಲ ಎ ಆಗುತ್ತದೆ" ಎಂದರೆ, ಆದ ಮೇಲೆ ಬನ್ನಿ ಎನ್ನಿ; ಅಥವಾ ಆ ಶುಲ್ಕವನ್ನು ಬೆಲೆಯಲ್ಲಿ ಕಳೆಯಿರಿ. ಖಾತಾ ಎಂಬುದು ಕಂದಾಯ ಕಟ್ಟುವವರ ಪಟ್ಟಿಯ ಹೆಸರೇ ಹೊರತು ಒಡೆತನದ ಪತ್ರವಲ್ಲ ಎಂಬುದನ್ನು ಎಷ್ಟು ಹೇಳಿದರೂ ಜನ ಮರೆಯುತ್ತಾರೆ. ಒಡೆತನ ಇರುವುದು ಕ್ರಯಪತ್ರಗಳ ಸರಪಳಿಯಲ್ಲಿ.

ಆ ಸರಪಳಿಯ ಕೊಂಡಿ ಕಳಚುವುದು ಹೆಚ್ಚಾಗಿ ಹೆಣ್ಣುಮಕ್ಕಳ ಸಹಿಯಲ್ಲಿ. ಪಿತ್ರಾರ್ಜಿತ ಜಮೀನನ್ನು ಅಣ್ಣತಮ್ಮಂದಿರು ಮಾರಿರುತ್ತಾರೆ, ಕುಣಿಗಲ್ಲಿಗೋ ಹಾಸನಕ್ಕೋ ಕೊಟ್ಟ ಅಕ್ಕನನ್ನು ಕೇಳಿರುವುದಿಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕರ್ನಾಟಕ ಇದನ್ನು 1994ರಲ್ಲೇ ತಂದಿತ್ತು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ವಂಶವೃಕ್ಷ ಕೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬೆರಳಿಟ್ಟು ಎಣಿಸಿ, ಕ್ರಯಪತ್ರದಲ್ಲಿ ಅವರ ಸಹಿಗಳನ್ನು ಎಣಿಸಿ. ಎರಡು ಸಂಖ್ಯೆ ಒಂದೇ ಆಗಬೇಕು, ಇಲ್ಲವೇ ವ್ಯತ್ಯಾಸಕ್ಕೆ ಕಾಗದದ ಕಾರಣ ಬೇಕು.

ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ ಅದು ಊರ್ಜಿತವಲ್ಲ. ಜಮೀನನ್ನು ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳಿಸಬಹುದು. ದೂರು ಕೊಡಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಆ ಕಾಯ್ದೆ ಇರಬೇಕಾದದ್ದೇ. ಬಡವರ ತುಂಡು ನೆಲ ಹೇಗೆ ಕೈಬಿಟ್ಟುಹೋಗುತ್ತಿತ್ತು ಎಂದು ತಿಳಿದವರು ಅದನ್ನು ದೂರುವುದಿಲ್ಲ. ತಿಳಿಯದೆ ಕೊಂಡು ಸಿಕ್ಕಿಕೊಳ್ಳಬೇಡಿ, ಅಷ್ಟೇ.

ಜಿಪಿಎ, ಅಂದರೆ ಬರೀ ಅಧಿಕಾರ ಪತ್ರದ ಮೇಲೆ ಸೈಟು ಕೊಡುತ್ತೇವೆ ಎಂದರೆ ಮಾತು ಮುಂದುವರಿಸುವುದೇ ಬೇಡ. ಅದು ಮಾರಾಟವಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮುಂಗಡವನ್ನು ನಗದಾಗಿ ಕೇಳುವವರೂ ಇದ್ದಾರೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ನಗದು ಪಡೆದವನಿಗೆ ಅಷ್ಟೇ ಮೊತ್ತದ ದಂಡವಿದೆ. ನಿಮಗೆ ಆಗುವ ನಷ್ಟ ಬೇರೆ: ವ್ಯವಹಾರ ಮುರಿದರೆ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲ.

ಕಾಗದ ಎಲ್ಲ ಸರಿಯಿದ್ದರೂ ಸೈಟು ತಾನಾಗಿ ಒಂದು ರೂಪಾಯಿ ದುಡಿಯುವುದಿಲ್ಲ. ಬಾಡಿಗೆ ಕೊಡುತ್ತ, ಸೈಟಿನ ಸಾಲಕ್ಕೂ ಕಂತು ಕಟ್ಟುತ್ತ, ವರ್ಷಕ್ಕೆರಡು ಸಲ ಹೋಗಿ ಲಂಟಾನ ಕಡಿಸಿ, ಪಕ್ಕದವರ ಕಾಂಪೌಂಡು ಒಂದಡಿ ಒಳಗೆ ಬಂದಿಲ್ಲವೆಂದು ಅಳೆದು ಬರಬೇಕು. ಹದಿನೈದು ವರ್ಷ ತಾಳ್ಮೆ ಇದ್ದವರಿಗೆ ನಾಲ್ಕರಲ್ಲಿ ಹೆಚ್ಚು ಬೆಳೆಯುವುದು ಇದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹದಿನೈದು ದಿನದಲ್ಲಿ ಹಣ ಬೇಕೆಂದರೆ ಕೊಡದೇ ಇರುವುದೂ ಇದೇ.

ಹೂಡಿಕೆಗೆಂದು ಎರಡನೆಯ ಫ್ಲ್ಯಾಟ್?

ಇದನ್ನು ಕೇಳುವವರು ಹೆಚ್ಚಾಗಿ ಹೊರದೇಶದಲ್ಲಿರುವ ನಮ್ಮ ಹುಡುಗರು. ಮೇಲಿನ ಲೆಕ್ಕದಲ್ಲೇ ಉತ್ತರವಿದೆ: 80 ಲಕ್ಷಕ್ಕೆ ವರ್ಷದ ಬಾಡಿಗೆ 3.12 ಲಕ್ಷ, ನೂರಕ್ಕೆ ನಾಲ್ಕೂ ಇಲ್ಲ. ಅದರಲ್ಲಿ ಕಂದಾಯ, ರಿಪೇರಿ, ಖಾಲಿ ಬಿದ್ದ ತಿಂಗಳು ಕಳೆಯಬೇಕು. ಎರಡು ವರ್ಷ ದಾಟಿ ಮಾರಿದರೆ ಲಾಭದ ಮೇಲೆ ನೂರಕ್ಕೆ 12.5 ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದ ನಿವಾಸಿ ಭಾರತೀಯರಿಗೆ ಹಳೆಯ 20ರ ಲೆಕ್ಕವನ್ನು ಹಣದುಬ್ಬರ ಕಳೆದು ಆರಿಸಿಕೊಳ್ಳುವ ಅವಕಾಶವಿದೆ, ಹೊರದೇಶದಲ್ಲಿರುವವರಿಗೆ ಇಲ್ಲ. ಕೊಳ್ಳುವವರಿಗೂ ಒಂದು ಎಚ್ಚರ: 50 ಲಕ್ಷ ಮುಟ್ಟಿದ ಆಸ್ತಿಗೆ ನೂರಕ್ಕೆ 1 ತೆರಿಗೆಯನ್ನು ಮಾರುವವರ ಹಣದಲ್ಲಿ ಹಿಡಿದು ನೀವೇ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಆ 1ರ ನಿಯಮ ಅನ್ವಯಿಸದು, ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ. ಗೊತ್ತಿಲ್ಲದೆ ಒಂದೇ ಹಿಡಿದು, ಆಮೇಲೆ ನೋಟಿಸು ಹಿಡಿದುಕೊಂಡು ಬಂದವರನ್ನು ಕಂಡಿದ್ದೇನೆ.

ನಾನಾದರೆ ಎರಡನೆಯ ಫ್ಲ್ಯಾಟ್ ಕೊಳ್ಳುವುದಿಲ್ಲ.

ಹುಡುಗಿಗೆ ಹೇಳಿದ್ದು ಇಷ್ಟು: ಅಳಿಯನ ಕಂಪನಿ ಅವನನ್ನು ಹೈದರಾಬಾದಿಗೆ ಕಳಿಸುವ ಮಾತಿದೆ, ಅದು ತೀರ್ಮಾನವಾಗುವವರೆಗೆ ಬಾಡಿಗೆ. ಲೀಸ್ ಬೇಡ. ಆಮೇಲೆ ಓಸಿ ಇರುವ, ಐದಾರು ವರ್ಷ ಹಳೆಯ ಫ್ಲ್ಯಾಟ್ ನೋಡಿ. ಜಿಎಸ್‌ಟಿ ಇಲ್ಲ, ಗೋಡೆಯ ಬಿರುಕೆಲ್ಲ ಅಷ್ಟು ಹೊತ್ತಿಗೆ ಕಾಣಿಸಿಕೊಂಡಿರುತ್ತದೆ. ಅವಳು ಹನ್ನೊಂದು ತಿಂಗಳಿಗೆ ಕರಾರು ನವೀಕರಿಸಿದಳು, ಬಣ್ಣದ ಸಾಲು ಸೇರಿಸಿಯೇ. ಆದರೂ ಕೈ ಸುಮ್ಮನಿರಬೇಕಲ್ಲ, ಉತ್ತರಹಳ್ಳಿಯ ಕಡೆ ಒಂದು ಫ್ಲ್ಯಾಟ್ ನೋಡಿ ಬಂದಿದ್ದಾಳೆ. ಓಸಿ ಎಲ್ಲಿ ಎಂದು ಕೇಳಲು ಹೇಳಿದೆ. "ಬರುತ್ತದೆ ಮೇಡಂ, ಇನ್ನೊಂದು ವಾರ" ಎಂದನಂತೆ ಬ್ರೋಕರ್. ಅದು ದಸರಾಕ್ಕೆ ಮುಂಚಿನ ಮಾತು. ಈಗ ದೀಪಾವಳಿ ಕಳೆದಿದೆ.